ಸಿಗ್ಮಾ ಜೆಮಿನೋರಮ್‌ನ ಎಚ್-ಆಲ್ಫಾ ಕಪ್ಪಾಗೇ ಇದೆ. ಹಾಗಾದರೆ ವರ್ಣಗೋಳ ಸಕ್ರಿಯ ಅಂತ ಗುರುತಿಸುವುದು ಹೇಗೆ?

ಮಲೆನಾಡ ಇರುಳು
ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದೇ ನಕ್ಷತ್ರದ ಹಿಂದೆ ಬಿದ್ದಿದ್ದೇನೆ. ಈಗ ನಿಮ್ಮ ಸಹಾಯ ಬೇಕು.

ನನ್ನ ಹತ್ತಿರ 8 ಇಂಚಿನ ನ್ಯೂಟೋನಿಯನ್ ದೂರದರ್ಶಕ ಇದೆ. ಅದಕ್ಕೆ ತ್ರೀಡಿ ಪ್ರಿಂಟ್ ಮಾಡಿಸಿದ ಸ್ಟಾರ್‌ಎಕ್ಸ್ ರೋಹಿತದರ್ಶಕ (ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ಉಪಕರಣ) ಜೋಡಿಸಿದ್ದೇನೆ. ಅದರೊಳಗೆ ಬೆಳಕು ಬಿಡಿಸುವ ಗೀರುಫಲಕ, ಅಂದರೆ ಗ್ರೇಟಿಂಗ್, ಮಿಲಿಮೀಟರಿಗೆ 2400 ಗೆರೆಯದ್ದು. ಹತ್ತಿರ ಹತ್ತಿರದ ಬಣ್ಣಗಳನ್ನು ಬೇರ್ಪಡಿಸುವ ಶಕ್ತಿ 10,000ದ ಹತ್ತಿರ ಬರುತ್ತಿದೆ.

ಮಿಥುನ ರಾಶಿಯ ಸಿಗ್ಮಾ ಜೆಮಿನೋರಮ್ ಆರಿಸಿಕೊಂಡೆ. ಇದರ ವರ್ಣಗೋಳ, ಅಂದರೆ ಮೇಲ್ಮೈಯ ಮೇಲಿರುವ ಬಿಸಿ ಪದರ, ತುಂಬ ಸಕ್ರಿಯ ಅಂತ ಎಲ್ಲ ಪಟ್ಟಿಗಳಲ್ಲೂ ಇದೆ. ಹಾಗಾಗಿ 6563 ಆಂಗ್‌ಸ್ಟ್ರಾಮ್‌ನಲ್ಲಿ ಎಚ್-ಆಲ್ಫಾ, ಅಂದರೆ ಹೈಡ್ರೋಜನ್ನಿನ ಕೆಂಪು ಗೆರೆ, ಹೊಳೆಯುವ ಗೆರೆಯಾಗಿ ಎದ್ದು ಕಾಣುತ್ತದೆ ಅಂದುಕೊಂಡಿದ್ದೆ. ನಾಲ್ಕು ರಾತ್ರಿ ತೆಗೆದೆ, ರಾತ್ರಿಗೆ 5 ನಿಮಿಷದ 12 ಚಿತ್ರ. ನಾಲ್ಕರಲ್ಲೂ ಅದು ಕಪ್ಪು ಗೆರೆಯೇ. ಸಾಧಾರಣ ನಕ್ಷತ್ರಗಳಲ್ಲಿ ಇರುವ ಹಾಗೇ ಇದೆ.

ನನ್ನ ಉಪಕರಣದಲ್ಲಿ ತಪ್ಪಿದೆಯಾ? ಅಥವಾ ನಾನು ನೋಡುತ್ತಿರುವ ರೀತಿಯೇ ತಪ್ಪಾ?

ಗ್ರೇಟಿಂಗ್ ಗಿರಿ
ಫೋಕಸ್ ನೋಡಿಕೊಂಡಿದ್ದೀರಾ? ಬೆಳಕು ಒಳಹೋಗುವ ಸ್ಲಿಟ್ ಎಷ್ಟು ಅಗಲ?

ಮಲೆನಾಡ ಇರುಳು
ನೋಡಿದ್ದೇನೆ ಗಿರಿ ಅಣ್ಣ. ಅಳತೆಗೆ ಬಳಸುವ ನಿಯಾನ್ ದೀಪದ ಗೆರೆಗಳು ಚೂಪಾಗಿವೆ. ಸ್ಲಿಟ್ 23 ಮೈಕ್ರಾನ್.

ಬಯಲುಸೀಮೆ
ಬಹುಶಃ ಆ ರಾತ್ರಿಗಳಲ್ಲಿ ನಕ್ಷತ್ರ ಶಾಂತವಾಗಿತ್ತೇನೋ. ಸೂರ್ಯನಿಗೂ ಏರಿಳಿತ ಇದೆ ಅಲ್ವಾ? ಇನ್ನೊಂದು ತಿಂಗಳು ಬಿಟ್ಟು ನೋಡಿ.

ಸ್ವಾತಿ ಮಳೆ
ಇಲ್ಲ ಬಯಲುಸೀಮೆ ಅವರೇ, ಇದು ಶಾಂತವಾಗಿ ಕೂರುವ ನಕ್ಷತ್ರ ಅಲ್ಲ. ಸಿಗ್ಮಾ ಜೆಮಿನೋರಮ್ ಒಂದು ಕೆ1 ದೈತ್ಯ, ಅಂದರೆ ಸೂರ್ಯನಿಗಿಂತ ತಂಪಾದ, ಉಬ್ಬಿದ ನಕ್ಷತ್ರ. ಪಕ್ಕದಲ್ಲಿ ಮಂಕಾದ ಜೊತೆಗಾರ. ಒಂದು ಸುತ್ತಿಗೆ 19.6 ದಿನ. ಅಂಥ ದೈತ್ಯ ಒಂಟಿಯಾಗಿದ್ದರೆ ತನ್ನ ಸುತ್ತ ತಿರುಗಲು ನೂರಾರು ದಿನ ತೆಗೆದುಕೊಳ್ಳುತ್ತದೆ. ಇಲ್ಲಿ ಜೊತೆಗಾರನ ಸೆಳೆತಕ್ಕೆ ಸಿಕ್ಕಿ 19.6 ದಿನಕ್ಕೇ ತಿರುಗುತ್ತಿದೆ. ಹೊರಪದರದಲ್ಲಿ ಕುದಿಯುವ ಅನಿಲ, ಜೊತೆಗೆ ಈ ವೇಗದ ತಿರುಗಾಟ. ಇವೆರಡೂ ಸೇರಿದರೆ ಕಾಂತಕ್ಷೇತ್ರ ಬಲವಾಗುತ್ತದೆ, ವರ್ಣಗೋಳ ಬಿಸಿಯೇರುತ್ತದೆ. ಇದು ಇವತ್ತು ಇದ್ದು ನಾಳೆ ಇಲ್ಲದಂತಾಗುವ ವಿಷಯ ಅಲ್ಲ.

ಮಲೆನಾಡ ಇರುಳು ಅವರೇ, ನಿಮ್ಮ ಉಪಕರಣ ಸರಿಯಾಗಿದೆ ಅಂತ ನನಗೆ ಅನಿಸುತ್ತದೆ. ಎಚ್-ಆಲ್ಫಾದಿಂದ ನಾವು ಏನನ್ನು ನಿರೀಕ್ಷಿಸುತ್ತೇವೆ ಅನ್ನುವುದರಲ್ಲಿ ತೊಡಕಿದೆ. ಈ ಗೆರೆ ಬರಬೇಕಾದರೆ ಹೈಡ್ರೋಜನ್ ಪರಮಾಣು ಮೊದಲೇ ಶಕ್ತಿಯ ಎರಡನೇ ಮೆಟ್ಟಿಲಿನಲ್ಲಿ ಇರಬೇಕು. ತಂಪು ನಕ್ಷತ್ರದ ಮೇಲ್ಮೈಯಲ್ಲಿ ಅಂಥವು ಕಡಿಮೆ. ವರ್ಣಗೋಳ ಸ್ವಲ್ಪ ಬಿಸಿಯಾದರೆ ಅಂಥ ಪರಮಾಣು ಜಾಸ್ತಿ ಆಗಿ ಗೆರೆ ಇನ್ನೂ ಕಪ್ಪಾಗುವುದೂ ಉಂಟು. ಇನ್ನೂ ಬಿಸಿಯಾದರೆ ಒಳಗಿನಿಂದ ಬೆಳಕು ತುಂಬಿಕೊಳ್ಳಲು ಶುರುವಾಗುತ್ತದೆ, ಗೆರೆ ತೆಳುವಾಗುತ್ತದೆ. ಅದನ್ನೂ ಮೀರಿದಾಗ ಮಾತ್ರ ಹೊಳೆಯುವ ಗೆರೆಯಾಗುತ್ತದೆ. ವೃಷಭ ರಾಶಿಯ ಎಚ್‌ಆರ್ 1099 ನಕ್ಷತ್ರ ಅಂಥದ್ದು. ಸಿಗ್ಮಾ ಜೆಮಿನೋರಮ್ ನಡುವೆ ಇದೆ. ಅಲ್ಲಿ ಗೆರೆ ಕಪ್ಪಾಗಿಯೇ ಇರುತ್ತದೆ, ಆದರೆ ಭಾಗಶಃ ತುಂಬಿಕೊಂಡಿರುತ್ತದೆ.

ನೀಲಿ ಬೆಳಕು
ಎಚ್-ಆಲ್ಫಾ ಬಿಟ್ಟುಬಿಡಿ ಸರ್. ಕ್ಯಾಲ್ಸಿಯಂನ ಎಚ್ ಮತ್ತು ಕೆ ಗೆರೆಗಳಿಗೆ ಹೋಗಿ. 3968 ಮತ್ತು 3934 ಆಂಗ್‌ಸ್ಟ್ರಾಮ್. ಈ ಕೆಲಸ ಶುರುವಾದದ್ದೇ ಅಲ್ಲಿ. 1913ರಲ್ಲಿ ಕಾರ್ಲ್ ಶ್ವಾರ್ಟ್ಸ್‌ಶಿಲ್ಡ್ ಮತ್ತು ಗುಸ್ತಾವ್ ಎಬರ್‌ಹಾರ್ಡ್ ಇಬ್ಬರೂ ಕೆ ಗೆರೆಯ ನಟ್ಟನಡುವೆ ಹೊಳಪು ಕಂಡದ್ದನ್ನು ಬರೆದರು. ಯಾವ ನಕ್ಷತ್ರಗಳಲ್ಲಿ ಗೊತ್ತಾ? ಸ್ವಾತಿ, ರೋಹಿಣಿ, ಮತ್ತೆ ನಿಮ್ಮ ಇದೇ ಸಿಗ್ಮಾ ಜೆಮಿನೋರಮ್!

ಮಲೆನಾಡ ಇರುಳು
ಅಯ್ಯೋ, ಇದು ನನಗೆ ಗೊತ್ತೇ ಇರಲಿಲ್ಲ. 1913ರಲ್ಲೇನಾ? ಮೈಯೆಲ್ಲ ಜುಂ ಅಂದಿತು.

ಹಳೇ ಮೇಷ್ಟ್ರು
ಅದೇ ಶ್ವಾರ್ಟ್ಸ್‌ಶಿಲ್ಡ್. ಮೂರು ವರ್ಷ ಆದಮೇಲೆ ಕಪ್ಪು ಕುಳಿಯ ಲೆಕ್ಕಕ್ಕೆ ಹೆಸರಾದವರು. ನಕ್ಷತ್ರಗಳ ಈ ಹೊಳಪು ಸೂರ್ಯನ ಕಲೆಗಳ ಹತ್ತಿರ ಕಾಣುವ ಹೊಳಪಿನ ಜಾತಿಯದ್ದೇ ಅಂತ ಅವರು ಆಗಲೇ ಗುರುತಿಸಿದ್ದರು.

ಕೆ ಗೆರೆ ಯಾಕೆ ಇಷ್ಟು ನಂಬಿಕಸ್ಥ ಅಂತ ಹೊಸಬರಿಗಾಗಿ ಹೇಳುತ್ತೇನೆ. ಸೂರ್ಯನನ್ನೇ ತೆಗೆದುಕೊಳ್ಳಿ. ಮೇಲ್ಮೈ ಸುಮಾರು 5,800 ಕೆಲ್ವಿನ್. ಮೇಲೆ ಹೋದಂತೆ 4,400ರ ಹತ್ತಿರ ಇಳಿಯುತ್ತದೆ. ಅಲ್ಲಿಂದ ಮುಂದೆ ಮತ್ತೆ ಏರುತ್ತದೆ. ಆ ಏರುವ ಪದರವೇ ವರ್ಣಗೋಳ. ಕ್ಯಾಲ್ಸಿಯಂ ಗೆರೆ ತುಂಬ ಗಾಢ. ಅದರ ಅಂಚಿನ ಬೆಳಕು ಕೆಳಗಿನ ಪದರದಿಂದ ಬರುತ್ತದೆ, ನಡುವಿನ ಬೆಳಕು ಮೇಲಿನ ಪದರದಿಂದ. ಹಾಗಾಗಿ ಗೆರೆಯ ಅಂಚಿನಿಂದ ನಡುವಿಗೆ ಬಂದರೆ ನಕ್ಷತ್ರದೊಳಗೆ ಮೆಟ್ಟಿಲು ಹತ್ತಿದ ಹಾಗೆ. ಮೊದಲು ಕತ್ತಲು, ಆಮೇಲೆ ಬಿಸಿ ಪದರ ಸಿಕ್ಕಾಗ ಒಂದು ಸಣ್ಣ ದಿಬ್ಬ, ಅದರ ತುದಿಯಲ್ಲಿ ಮತ್ತೆ ಒಂದು ಸಣ್ಣ ಕುಳಿ. ಮಕ್ಕಳಿಗೆ ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದಾಗ ಥಟ್ಟನೆ ಅರ್ಥವಾಗುತ್ತದೆ.

ಬಯಲುಸೀಮೆ
ಮೇಷ್ಟ್ರೇ, ತುಂಬ ಚೆನ್ನಾಗಿ ಹೇಳಿದಿರಿ. ಹಾಗಾದರೆ ಆ ದಿಬ್ಬ ಅಗಲವಾದಷ್ಟೂ ನಕ್ಷತ್ರ ಹೆಚ್ಚು ಸಕ್ರಿಯ ಅಂತ ತಿಳಿಯಬಹುದು. ವಿಲ್ಸನ್–ಬಾಪ್ಪು ಪರಿಣಾಮ ಅಂದರೆ ಇದೇ ಅಲ್ವಾ?

ಸ್ವಾತಿ ಮಳೆ
ಅಲ್ಲ! ಇಲ್ಲಿ ತುಂಬ ಜನ ಎಡವುತ್ತಾರೆ. ಓಲಿನ್ ವಿಲ್ಸನ್ ಮತ್ತು ವೈನು ಬಾಪ್ಪು 1957ರಲ್ಲಿ 185 ನಕ್ಷತ್ರಗಳನ್ನು ಅಳೆದು ಹೇಳಿದ್ದು ಬೇರೆಯೇ. ದಿಬ್ಬದ ಅಗಲ ನಕ್ಷತ್ರದ ನಿಜವಾದ ಪ್ರಕಾಶಕ್ಕೆ ಹೊಂದಿಕೊಂಡಿದೆ. ದೈತ್ಯನಾದರೆ ಅಗಲ, ಕುಬ್ಜವಾದರೆ ಕಿರಿದು. ಹೊಳಪು ಎಷ್ಟು ಬಲವಾಗಿದೆ ಅನ್ನುವುದಕ್ಕೂ ಅಗಲಕ್ಕೂ ಸಂಬಂಧ ಇಲ್ಲ. ಆ ಕೆಲಸದ ಸೊಗಸು ಇರುವುದೇ ಅಲ್ಲಿ. ಅಗಲ ಅಳೆದರೆ ನಿಜವಾದ ಪ್ರಕಾಶ ಸಿಗುತ್ತದೆ, ಅದರಿಂದ ದೂರ ಸಿಗುತ್ತದೆ. ಸಕ್ರಿಯತೆ ಬೇಕಾದರೆ ದಿಬ್ಬದ ಬಲವನ್ನು ಅಳೆಯಬೇಕು. ಅಗಲವನ್ನಲ್ಲ.

ಬಯಲುಸೀಮೆ
ಸರಿ, ಒಪ್ಪಿದೆ. ಇಷ್ಟು ದಿನ ಎರಡನ್ನೂ ಒಂದೇ ಅಂದುಕೊಂಡಿದ್ದೆ.

ಕೋಲಾರದ ಚಿನ್ನ
ಬಾಪ್ಪು ಅವರು ಕನ್ನಡದವರಾ? ಬೆಂಗಳೂರಿನ ಸಂಸ್ಥೆ ಕಟ್ಟಿದವರು ಅಂತ ಕೇಳಿದ್ದೇನೆ.

ಹಳೇ ಮೇಷ್ಟ್ರು
ಹುಟ್ಟಿದ್ದು ಮದ್ರಾಸಿನಲ್ಲಿ, 1927ರಲ್ಲಿ. ಮನೆತನ ಕೇರಳದ ತಲಶ್ಶೇರಿ ಕಡೆಯದ್ದು. ಬೆಳೆದದ್ದು ಹೈದರಾಬಾದಿನಲ್ಲಿ, ತಂದೆ ಅಲ್ಲಿನ ನಿಜಾಮಿಯಾ ವೀಕ್ಷಣಾಲಯದಲ್ಲಿದ್ದರು. 1960ರಲ್ಲಿ ಕೊಡೈಕೆನಾಲ್‌ಗೆ ನಿರ್ದೇಶಕರಾಗಿ ಬಂದರು. ಜವ್ವಾದಿ ಬೆಟ್ಟದ ಕಾವಲೂರಿನಲ್ಲಿ ವೀಕ್ಷಣಾಲಯ ಮಾಡಿದರು. 1971ರಲ್ಲಿ ಭಾರತೀಯ ಖಭೌತ ಸಂಸ್ಥೆ ಶುರುವಾಯಿತು, ಅದು ನಮ್ಮ ಕೋರಮಂಗಲದಲ್ಲಿದೆ. 1982ರಲ್ಲಿ ತೀರಿಕೊಂಡರು. ಕಾವಲೂರಿನ 2.34 ಮೀಟರಿನ ದೂರದರ್ಶಕ ಪೂರ್ತಿಯಾಗಿದ್ದನ್ನು ಅವರು ನೋಡಲೇ ಇಲ್ಲ. ಅದು 1986ರಲ್ಲಿ ಅವರ ಹೆಸರು ಹೊತ್ತು ಶುರುವಾಯಿತು. ಈ ವಿಷಯ ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕರಾವಳಿ ಕಣ್ಣು
ಮೇಷ್ಟ್ರೇ, ಒಂದು ಸಣ್ಣ ತಕರಾರು. ವರ್ಣಗೋಳ ಅನ್ನಬೇಕಾ, ವರ್ಣಮಂಡಲ ಅನ್ನಬೇಕಾ? ಎರಡನ್ನೂ ಓದಿದ್ದೇನೆ.

ಹಳೇ ಮೇಷ್ಟ್ರು
ಎರಡೂ ನಡೆಯುತ್ತದೆ. ನನಗೆ ವರ್ಣಗೋಳ ಇಷ್ಟ. ಗ್ರಹಣದ ಹೊತ್ತಿಗೆ ಚಂದ್ರನ ಅಂಚಿನಲ್ಲಿ ಕೆಂಪು ಬಣ್ಣದ ತೆಳು ಪದರ ಕಾಣುತ್ತದಲ್ಲ, ಆ ಬಣ್ಣದಿಂದಲೇ ಹೆಸರು ಬಂದದ್ದು. ಆ ಕೆಂಪು ಎಚ್-ಆಲ್ಫಾದ ಕೆಂಪು. 1868ರ ಆಗಸ್ಟ್ 18ರ ಗ್ರಹಣವನ್ನು ಫ್ರಾನ್ಸಿನ ಖಗೋಳಜ್ಞ ಜಾನ್ಸೆನ್ ನೋಡಿದ್ದು ನಮ್ಮ ಪಕ್ಕದ ಗುಂಟೂರಿನಲ್ಲಿ. ಅದೇ ವರ್ಷ ವರ್ಣಗೋಳದ ಬೆಳಕಿನಲ್ಲಿ ಒಂದು ಹೊಸ ಹಳದಿ ಗೆರೆ ಕಂಡಿತು, ಅದರಿಂದ ಹೀಲಿಯಂ ಗೊತ್ತಾಯಿತು. ಭೂಮಿಯ ಮೇಲೆ ಅದು ಸಿಕ್ಕಿದ್ದು 1895ರಲ್ಲಿ!

ಗ್ರೇಟಿಂಗ್ ಗಿರಿ
ಆ 5876ರ ಹೀಲಿಯಂ ಗೆರೆ ಈ ಕೆಲಸಕ್ಕೂ ಉಪಯೋಗ. ತಂಪು ನಕ್ಷತ್ರದ ಮೇಲ್ಮೈಯಲ್ಲಿ ಹೀಲಿಯಂ ಗೆರೆ ಮೂಡುವಷ್ಟು ಬಿಸಿ ಇಲ್ಲ. ಕಂಡರೆ ಅದು ಮೇಲಿನ ಬಿಸಿ ಪದರದ್ದೇ. ಆದರೆ ತೀರಾ ಸಣ್ಣದು, ನಮ್ಮ ಉಪಕರಣಕ್ಕೆ ಕಷ್ಟ.

ವಿಷಯಕ್ಕೆ ಬರೋಣ. ನೀಲಿ ಬೆಳಕು ಅವರು ಕೆ ಗೆರೆಗೆ ಹೋಗಿ ಅಂದರು. ಸುಮ್ನೆ ಹೇಳುವಷ್ಟು ಸುಲಭ ಅಲ್ಲ ಅದು. ಕೆ1 ದೈತ್ಯ ಕಿತ್ತಳೆ ಬಣ್ಣದ್ದು, 3934ರಲ್ಲಿ ಅದು ಕೊಡುವ ಬೆಳಕೇ ಕಡಿಮೆ. ಅದರಲ್ಲೂ ನಾವು ನೋಡಬೇಕಾದದ್ದು ಗೆರೆಯ ತಳ, ಅತಿ ಕತ್ತಲ ಜಾಗ. ನಮ್ಮ ಕ್ಯಾಮೆರಾಗಳು ಅಲ್ಲಿ ಮಂದ. ಗಾಳಿಯೂ ನೀಲಿಯನ್ನು ಜಾಸ್ತಿ ತಿನ್ನುತ್ತದೆ. ಎಚ್-ಆಲ್ಫಾದಲ್ಲಿ ಒಂದು ಗಂಟೆಗೆ ಸಿಗುವುದು ಇಲ್ಲಿ ಇಡೀ ರಾತ್ರಿಗೂ ಸಿಗದೆ ಹೋಗಬಹುದು. ಮಲೆನಾಡ ಇರುಳು, ಮೊದಲು ಎಚ್-ಆಲ್ಫಾದಲ್ಲೇ ಮುಗಿಸಿ ಅನ್ನುವುದು ನನ್ನ ಮಾತು.

ನೀಲಿ ಬೆಳಕು
ಗಿರಿ ಸರ್, ಕಷ್ಟ ಅಂತ ಬಿಟ್ಟುಬಿಟ್ಟರೆ ಹೇಗೆ? ಅವರ ಹತ್ತಿರ ಕನ್ನಡಿಯ ದೂರದರ್ಶಕ ಇದೆ. ಲೆನ್ಸಿನದ್ದಾಗಿದ್ದರೆ ನೀಲಿ ಫೋಕಸ್ಸಿಗೇ ಬರುತ್ತಿರಲಿಲ್ಲ, ಆಗ ನಾನೂ ಬೇಡ ಅನ್ನುತ್ತಿದ್ದೆ. ರೋಹಿತದರ್ಶಕದೊಳಗಿನ ಲೆನ್ಸುಗಳ ಫೋಕಸ್ ಮಾತ್ರ ಹೊಸದಾಗಿ ಹಿಡಿಯಬೇಕು. ನಕ್ಷತ್ರ ನೆತ್ತಿಯ ಹತ್ತಿರ ಇದ್ದಾಗ ತೆಗೆಯಲಿ. ಮಿಥುನ ನಮಗೆ ಚೆನ್ನಾಗಿ ಮೇಲೆ ಬರುತ್ತದೆ.

ಎಚ್-ಆಲ್ಫಾ ಒಂದನ್ನೇ ನಂಬಿದರೆ ಮೋಸ ಹೋಗುವುದು ಖಂಡಿತ. ನಾನು ಹೋಗಿದ್ದೇನೆ. ಮೊದಲ ವರ್ಷ ಕ್ಯಾಸಿಯೋಪಿಯಾದ ಗಾಮಾ ನಕ್ಷತ್ರದಲ್ಲಿ ಎಚ್-ಆಲ್ಫಾ ಧಗಧಗ ಹೊಳೆಯುವುದು ಕಂಡು, ಅಬ್ಬಾ ಎಂಥ ಸಕ್ರಿಯ ವರ್ಣಗೋಳ ಅಂತ ಟಿಪ್ಪಣಿ ಬರೆದಿಟ್ಟಿದ್ದೆ. ಅದು ಬಿಸಿಯಾದ ಬಿ ಜಾತಿಯ ನಕ್ಷತ್ರ. ಆ ಹೊಳಪು ಅದರ ಸುತ್ತ ತಿರುಗುವ ಅನಿಲದ ತಟ್ಟೆಯಿಂದ ಬರುವುದು. 1866ರಲ್ಲೇ ಇಟಲಿಯ ಖಗೋಳಜ್ಞ ಸೆಕ್ಕಿ ಅದನ್ನು ನೋಡಿದ್ದರು. ಸೂರ್ಯನಂಥ ವರ್ಣಗೋಳಕ್ಕೆ ಮೇಲ್ಪದರದಲ್ಲಿ ಅನಿಲ ಕುದಿಯಬೇಕು, ಅಷ್ಟು ಬಿಸಿಯ ನಕ್ಷತ್ರದಲ್ಲಿ ಅದು ಇಲ್ಲ. ನಕ್ಷತ್ರದ ಜಾತಿ ನೋಡದೆ ಗೆರೆ ಮಾತ್ರ ನೋಡಿದ್ದು ನನ್ನ ತಪ್ಪು.

ಗ್ರೇಟಿಂಗ್ ಗಿರಿ
ಅದು ಗೆರೆಯ ತಪ್ಪಲ್ಲವಲ್ಲ ಮೇಡಂ. ಕೆ ಗೆರೆಯಲ್ಲೂ ಮೋಸ ಇದೆ. ದೂರದ ನಕ್ಷತ್ರವಾದರೆ ನಡುವಿನ ಅನಿಲದಲ್ಲಿರುವ ಕ್ಯಾಲ್ಸಿಯಂ ತನ್ನದೇ ಕಪ್ಪು ಗೆರೆ ಹಾಕುತ್ತದೆ. ಜರ್ಮನಿಯ ಖಗೋಳಜ್ಞ ಹಾರ್ಟ್‌ಮನ್ 1904ರಲ್ಲಿ ಮೃಗಶಿರಾದ ಕಡೆ, ಡೆಲ್ಟಾ ಓರಿಯಾನಿಸ್‌ನಲ್ಲಿ, ಕಂಡದ್ದು ಅದೇ ಅಲ್ವಾ?

ವಾಸ್ಪ್-12 ಅಂತ ಒಂದು ನಕ್ಷತ್ರ ಇದೆ. ಕೆ ಗೆರೆ ನೋಡಿದರೆ ಅದು ನಂಬಲಾಗದಷ್ಟು ಶಾಂತ. ಅದರ ಗ್ರಹದಿಂದ ಸೋರುವ ಅನಿಲ ಗೆರೆಯ ನಡುವಿನ ಹೊಳಪನ್ನು ನುಂಗುತ್ತಿದೆ ಅಂತ ಸಂಶೋಧಕರು ವಿವರಿಸಿದರು.

ಸ್ವಾತಿ ಮಳೆ
ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಮೂಲ ಪ್ರಶ್ನೆ ಬಿಟ್ಟುಹೋಯಿತು. ಹೊಳಪು ಇದೆಯಾ ಇಲ್ಲವಾ ಅಂತ ಕೇಳಿದರೆ ಉತ್ತರ ಸಿಗಲ್ಲ. ಅಂಥ ಬೇರೆ ನಕ್ಷತ್ರಕ್ಕಿಂತ ಎಷ್ಟು ಜಾಸ್ತಿ ಅಂತ ಕೇಳಬೇಕು. ಕೆ ಜಾತಿಯ ದೈತ್ಯರಲ್ಲಿ ಬಹುಪಾಲು ಎಲ್ಲದಕ್ಕೂ ಸ್ವಲ್ಪ ಹೊಳಪು ಇದ್ದೇ ಇದೆ. ಇಲ್ಲದಿದ್ದರೆ ವಿಲ್ಸನ್, ಬಾಪ್ಪು ಅಳೆಯುತ್ತಿದ್ದದ್ದಾದರೂ ಏನನ್ನು?

ಮಲೆನಾಡ ಇರುಳು ಅವರೇ, ನೀವು ಹೋಲಿಕೆಗೆ ಬೇರೆ ನಕ್ಷತ್ರ ತೆಗೆದಿದ್ದೀರಾ?

ಮಲೆನಾಡ ಇರುಳು
ಇಲ್ಲ. ಸಿಗ್ಮಾ ಒಂದೇ.

ಸ್ವಾತಿ ಮಳೆ
ಹಾಗಾದರೆ ನಿಮ್ಮ ಅದೃಷ್ಟ ದೊಡ್ಡದು. ಪುನರ್ವಸುವಿನ ಪ್ರಕಾಶವಾದ ನಕ್ಷತ್ರ ಪೊಲಕ್ಸ್ ಸಿಗ್ಮಾದಿಂದ ಸುಮಾರು ಒಂದು ಡಿಗ್ರಿ ದೂರದಲ್ಲಿದೆ. ಅದು ಕೆ0 ದೈತ್ಯ, ನಿಮ್ಮದು ಕೆ1 ದೈತ್ಯ. ಒಂದು ಶಾಂತ, ಒಂದು ಸಕ್ರಿಯ. ದೂರದರ್ಶಕ ಸ್ವಲ್ಪ ಸರಿಸಿದರೆ ಸಾಕು, ಅದೇ ಗಾಳಿ, ಅದೇ ಎತ್ತರ. ಇಂಥ ಜೋಡಿ ಆಕಾಶದಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಸಿಗ್ಮಾ ಸುಮಾರು 17 ಪಟ್ಟು ಮಂಕು, ಪೊಲಕ್ಸ್‌ಗೆ ಚಿಕ್ಕ ಚಿತ್ರ ಸಾಕು.

ಒಂದೇ ರಾತ್ರಿ ಎರಡನ್ನೂ ತೆಗೆದು, ಒಂದರಿಂದ ಇನ್ನೊಂದನ್ನು ಕಳೆಯಿರಿ. ಉಳಿದದ್ದು ವರ್ಣಗೋಳದ ಹೆಚ್ಚುವರಿ ಬೆಳಕು.

ಕರಾವಳಿ ಕಣ್ಣು
ಕಳೆಯುವ ಮುಂಚೆ ಒಂದು ಮಾತು, ದಯವಿಟ್ಟು. ಸಿಗ್ಮಾ ಸೆಕೆಂಡಿಗೆ ಸುಮಾರು 25 ಕಿಲೋಮೀಟರ್ ವೇಗದಲ್ಲಿ ತಿರುಗುವುದರಿಂದ ಅದರ ಗೆರೆಗಳು ಹಿಗ್ಗಿರುತ್ತವೆ. ಪೊಲಕ್ಸ್ ನಿಧಾನ, ಗೆರೆಗಳು ಚೂಪು. ಹಿಗ್ಗಿದ ಗೆರೆ ತಾನಾಗೇ ಆಳ ಕಡಿಮೆ ಕಾಣುತ್ತದೆ. ಅದನ್ನು ನೋಡಿ ಬೆಳಕು ತುಂಬಿದೆ ಅಂದುಕೊಂಡರೆ ತಪ್ಪಾಗುತ್ತದೆ. ಪೊಲಕ್ಸ್‌ನ ರೋಹಿತವನ್ನು ಮೊದಲು ಅಷ್ಟೇ ಹಿಗ್ಗಿಸಿ, ಆಮೇಲೆ ಕಳೆಯಿರಿ. ಆಳ ನೋಡಬೇಡಿ, ಗೆರೆಯ ಒಟ್ಟು ವಿಸ್ತೀರ್ಣ ಅಳೆಯಿರಿ. ತಿರುಗಾಟ ಆಳವನ್ನು ಕದಿಯುತ್ತದೆ, ವಿಸ್ತೀರ್ಣವನ್ನು ಮುಟ್ಟಲ್ಲ.

ಇನ್ನೊಂದು. ಎರಡೂ ನಕ್ಷತ್ರಗಳ ವೇಗ ಬೇರೆ ಬೇರೆ, ಸಿಗ್ಮಾ ತನ್ನ ಜೊತೆಗಾರನ ಕಾರಣಕ್ಕೆ ಹಿಂದೆ ಮುಂದೆ ಓಲಾಡುತ್ತದೆ. ಗೆರೆಗಳನ್ನು ಒಂದರ ಮೇಲೊಂದು ಕೂರಿಸಿಯೇ ಕಳೆಯಬೇಕು.

ಗ್ರೇಟಿಂಗ್ ಗಿರಿ
ಮಲೆನಾಡಲ್ಲವಾ, ಗಾಳಿಯಲ್ಲಿ ನೀರಿನ ಪಸೆ ಬೇರೆ. ಎಚ್-ಆಲ್ಫಾದ ಅಕ್ಕಪಕ್ಕ ಪೂರ್ತಿ ನೀರಾವಿಯ ಗೆರೆಗಳಿವೆ. ಅವು ನಮ್ಮ ಭೂಮಿಯವು, ನಕ್ಷತ್ರದ ಗೆರೆಗಳ ಜೊತೆ ಜರುಗುವುದಿಲ್ಲ. ಕೂರಿಸುವ ಮುಂಚೆ ಅವನ್ನು ತೆಗೆದುಬಿಡಿ. ಹಾಗೇ ಬಿಟ್ಟರೆ ಕಳೆದ ಮೇಲೆ ಸುಳ್ಳು ದಿಬ್ಬಗಳು ಏಳುತ್ತವೆ.

ಕೋಲಾರದ ಚಿನ್ನ
ಇಷ್ಟೆಲ್ಲ ಕಷ್ಟಪಟ್ಟು ಸಕ್ರಿಯ ನಕ್ಷತ್ರ ಹುಡುಕಿ ಏನು ಮಾಡುತ್ತೀರಿ? ನಿಜವಾಗಿ ತಿಳಿಯಲು ಕೇಳುತ್ತಿದ್ದೇನೆ.

ಸ್ವಾತಿ ಮಳೆ
ಒಳ್ಳೇ ಪ್ರಶ್ನೆ. ಎರಡು ಉತ್ತರ ಕೊಡುತ್ತೇನೆ.

ಒಂದು, ವಯಸ್ಸು. ಸೂರ್ಯನಂಥ ಒಂಟಿ ನಕ್ಷತ್ರ ವಯಸ್ಸಾದಂತೆ ನಿಧಾನವಾಗಿ ತಿರುಗುತ್ತದೆ, ಕ್ಯಾಲ್ಸಿಯಂ ಹೊಳಪೂ ಕುಂದುತ್ತದೆ. ಖಗೋಳಜ್ಞ ಸ್ಕುಮಾನಿಚ್ 1972ರಲ್ಲಿ ತೋರಿಸಿದ್ದು ಇದನ್ನೇ. ವೈತರಣಿ ನಕ್ಷತ್ರಪುಂಜದ ಎಪ್ಸಿಲಾನ್ ಎರಿಡಾನಿ ಬರಿಯ 10.5 ಜ್ಯೋತಿರ್ವರ್ಷ ದೂರದ ಎಳೆಯ ನಕ್ಷತ್ರ. ಸುಮಾರು 11 ದಿನಕ್ಕೆ ಒಂದು ಸುತ್ತು. ಅದರ ಎಸ್ ಸೂಚ್ಯಂಕ 0.5ರ ಹತ್ತಿರ. ಸೂರ್ಯನದ್ದು ಸುಮಾರು 0.17. ಎಸ್ ಸೂಚ್ಯಂಕ ಅಂದರೆ ಎಚ್, ಕೆ ಗೆರೆಗಳ ನಡುವಿನ ಬೆಳಕನ್ನು ಅಕ್ಕಪಕ್ಕದ ಬಯಲು ಜಾಗದ ಬೆಳಕಿನಿಂದ ಭಾಗಿಸಿದ್ದು, ಅಷ್ಟೇ.

ಎರಡು, ಗ್ರಹಗಳು. ಎಚ್‌ಡಿ 166435 ಅನ್ನುವ ನಕ್ಷತ್ರ 3.8 ದಿನಕ್ಕೊಮ್ಮೆ ಓಲಾಡುತ್ತಿತ್ತು. ಗ್ರಹ ಇದೆ ಅನ್ನುವ ಹಾಗೇ ಇತ್ತು. 2001ರಲ್ಲಿ ಅದು ನಕ್ಷತ್ರದ ಮೇಲಿನ ಕಲೆಗಳ ಆಟ ಅಂತ ತೋರಿಸಿದರು. ಕ್ಯಾಲ್ಸಿಯಂ ಗೆರೆ ಮೊದಲೇ ಎಚ್ಚರಿಸುತ್ತದೆ, ಇಲ್ಲಿ ಹುಷಾರು ಅಂತ.

ಹಳೇ ಮೇಷ್ಟ್ರು
ವಿಲ್ಸನ್ ಬಗ್ಗೆ ಇನ್ನೊಂದು ಹೇಳಲೇಬೇಕು. ಸೂರ್ಯನಿಗೆ 11 ವರ್ಷದ ಚಕ್ರ ಇದೆ, ಬೇರೆ ನಕ್ಷತ್ರಗಳಿಗೂ ಇದೆಯಾ ಅಂತ ಅವರು ಕೇಳಿಕೊಂಡರು. 1966ರಲ್ಲಿ ಮೌಂಟ್ ವಿಲ್ಸನ್‌ನ 100 ಇಂಚಿನ ದೂರದರ್ಶಕದಲ್ಲಿ ಎಚ್, ಕೆ ಗೆರೆಗಳನ್ನು ಅಳೆಯಲು ಕೂತರು. 91 ನಕ್ಷತ್ರಗಳ ಫಲಿತಾಂಶ ಪ್ರಕಟಿಸಿದ್ದು 1978ರಲ್ಲಿ. ಹನ್ನೆರಡು ವರ್ಷ! 61 ಸಿಗ್ನಿಯಂಥ ನಕ್ಷತ್ರಕ್ಕೂ ಚಕ್ರ ಇದೆ, ಸುಮಾರು 7 ವರ್ಷದ್ದು, ಅಂತ ಗೊತ್ತಾದದ್ದು ಈ ತಾಳ್ಮೆಯಿಂದ. ಅವರ ನಂತರ ಬೇರೆಯವರು 2003ರವರೆಗೂ ಅಳೆದರು. ನಾಲ್ಕು ರಾತ್ರಿ ಆಯಿತು ಅಂತ ಮಲೆನಾಡಿನ ತಮ್ಮ ಬೇಸರ ಮಾಡಿಕೊಳ್ಳಬಾರದು.

ಬಯಲುಸೀಮೆ
ಈಗ ಗಾಯಾ ಉಪಗ್ರಹವೇ ಸುಮಾರು 20 ಲಕ್ಷ ನಕ್ಷತ್ರಗಳ ಸಕ್ರಿಯತೆ ಕೊಟ್ಟಿದೆಯಲ್ಲ. ನಾವು ಒಂದೊಂದೇ ಅಳೆಯುವುದಕ್ಕೆ ಅರ್ಥ ಇದೆಯಾ?

ಗ್ರೇಟಿಂಗ್ ಗಿರಿ
ಖಂಡಿತ ಇದೆ. ಗಾಯಾ ಅಳೆದದ್ದು ಕೆಂಪಿನಾಚೆ ಇರುವ ಕ್ಯಾಲ್ಸಿಯಂನ ಮೂರು ಗೆರೆಗಳಲ್ಲಿ, 8498, 8542, 8662. ಒಂದು ನಕ್ಷತ್ರಕ್ಕೆ ಒಟ್ಟಾರೆ ಒಂದು ಸಂಖ್ಯೆ ಸಿಗುತ್ತದೆ. ಇವತ್ತು ರಾತ್ರಿ ಸಿಗ್ಮಾ ಹೇಗಿದೆ, ನಾಳೆ ಹೇಗಿದೆ ಅಂತ ಹಠ ಹಿಡಿದು ನೋಡುವವರು ನಮ್ಮಂಥವರು. 19.6 ದಿನದಲ್ಲಿ ಸಕ್ರಿಯ ಮುಖ ನಮ್ಮ ಕಡೆ ಬಂದು ಹೋಗುವುದು ಕಾಣಬೇಕಾದರೆ ದಿನಾ ನೋಡಬೇಕು.

ಅಂದಹಾಗೆ ಆ ಮೂರು ಗೆರೆಗಳಲ್ಲಿ ನಮ್ಮ ಕ್ಯಾಮೆರಾ ನೀಲಿಗಿಂತ ವಾಸಿ. ಆದರೆ ನನ್ನ ಗ್ರೇಟಿಂಗ್ ಆ ಕಡೆ ತಿರುಗಲ್ಲ. ಆನ್‌ಲೈನಿನಲ್ಲಿ ಇನ್ನೊಂದು ತರಿಸಿದ್ದೆ, ಮೇಲೆ ಬೆರಳಚ್ಚು ಬಿದ್ದಿತ್ತು. ಗ್ರೇಟಿಂಗ್ ಒರೆಸುವ ಹಾಗಿಲ್ಲ. ಮಾರಿದವರು ವಾಪಸ್ಸೂ ತೆಗೆದುಕೊಳ್ಳಲಿಲ್ಲ. ಯಾರೇ ತರಿಸಿದರೂ ಡಬ್ಬ ತೆಗೆಯುವಾಗ ವಿಡಿಯೋ ಮಾಡಿಟ್ಟುಕೊಳ್ಳಿ.

ಕೋಲಾರದ ಚಿನ್ನ
ನಮ್ಮೂರಿಂದ ಬೆಂಗಳೂರಿಗೆ ಹೋಗುವಾಗ ದಾರಿಯಲ್ಲಿ ಹೊಸಕೋಟೆ. ಅಲ್ಲಿ ಕೂತು ಲಡಾಖಿನ ಹಾನ್ಲೆಯ 2 ಮೀಟರಿನ ದೂರದರ್ಶಕ ನಡೆಸುತ್ತಾರಂತೆ, ನಿಜವಾ?

ಹಳೇ ಮೇಷ್ಟ್ರು
ನಿಜ, ಉಪಗ್ರಹದ ಸಂಪರ್ಕದಲ್ಲಿ. ಹಾನ್ಲೆಯ ಎತ್ತರ ಸುಮಾರು 4,500 ಮೀಟರ್, ಗಾಳಿ ಒಣ. ಗಿರಿ ಹೇಳಿದ ನೀರಾವಿಯ ಕಾಟ ಅಲ್ಲಿ ಕಡಿಮೆ. ಅಲ್ಲಿನ ರೋಹಿತದರ್ಶಕ 60,000ದ ಶಕ್ತಿಯವರೆಗೂ ಬೇರ್ಪಡಿಸುತ್ತದೆ.

ಮಲೆನಾಡ ಇರುಳು
ಎಲ್ಲರಿಗೂ ಥ್ಯಾಂಕ್ಸ್. ಐದು ದಿನ ಮೋಡ ಇತ್ತು. ನಿನ್ನೆ ರಾತ್ರಿ ಆಕಾಶ ತೆರೆಯಿತು. ಪೊಲಕ್ಸ್ ಮೊದಲು, ಆಮೇಲೆ ಸಿಗ್ಮಾ, ಕೊನೆಗೆ ಮತ್ತೆ ಪೊಲಕ್ಸ್ ತೆಗೆದೆ. ನೀರಾವಿಯ ಗೆರೆಗಳನ್ನು ತೆಗೆದೆ. ಪೊಲಕ್ಸ್ ಅನ್ನು ಹಿಗ್ಗಿಸಿದೆ, ಸರಿಸಿ ಕೂರಿಸಿದೆ, ಕಳೆದೆ.

ಕಬ್ಬಿಣದ ಗೆರೆಗಳೆಲ್ಲ ಹೆಚ್ಚು ಕಡಿಮೆ ಸಮ ಆಗಿ ಮಾಯವಾದವು. ಎಚ್-ಆಲ್ಫಾ ಇದ್ದ ಜಾಗದಲ್ಲಿ ಮಾತ್ರ ಒಂದು ದಿಬ್ಬ ಉಳಿಯಿತು! ಎರಡೂ ಪೊಲಕ್ಸ್ ಜೊತೆ ಬೇರೆ ಬೇರೆಯಾಗಿ ಮಾಡಿದೆ, ಎರಡರಲ್ಲೂ ಇದೆ. ಪೊಲಕ್ಸ್‌ನಿಂದ ಪೊಲಕ್ಸ್ ಕಳೆದರೆ ಏನೂ ಉಳಿಯಲ್ಲ, ಸಪಾಟು. ಹಳೆಯ ನಾಲ್ಕು ರಾತ್ರಿಗಳಿಗೂ ನಿನ್ನೆಯ ಪೊಲಕ್ಸ್ ಇಟ್ಟು ನೋಡಿದೆ. ನಾಲ್ಕರಲ್ಲೂ ದಿಬ್ಬ ಇತ್ತು. ಮೂರು ವಾರ ನನ್ನ ಕಂಪ್ಯೂಟರಿನಲ್ಲೇ ಕೂತಿತ್ತು ಅದು. ಬೆಳಗಿನ ಜಾವ ನಾಲ್ಕಕ್ಕೆ ಅಮ್ಮನನ್ನು ಎಬ್ಬಿಸಿ ತೋರಿಸಿದೆ.

ಸ್ವಾತಿ ಮಳೆ
ಶಭಾಷ್! ಪೊಲಕ್ಸ್‌ನಿಂದ ಪೊಲಕ್ಸ್ ಕಳೆದು ನೋಡಿದ್ದು ಬಹಳ ಮುಖ್ಯ. ಅದನ್ನು ನಾನು ಹೇಳಲು ಮರೆತಿದ್ದೆ.

ಕರಾವಳಿ ಕಣ್ಣು
ಹಳೆಯ ನಾಲ್ಕರ ಮೇಲೆ ಪೂರ್ತಿ ಭರವಸೆ ಇಡಬೇಡಿ, ಬೇರೆ ರಾತ್ರಿಯ ಹೋಲಿಕೆ ಅದು. ನಿನ್ನೆಯದ್ದು ಗಟ್ಟಿ. ದಿಬ್ಬದ ವಿಸ್ತೀರ್ಣ ಬರೆದಿಟ್ಟುಕೊಳ್ಳಿ, ತಾರೀಕಿನ ಜೊತೆ.

ಮಲೆನಾಡ ಇರುಳು
ಬರೆದಿಟ್ಟಿದ್ದೇನೆ. ಇನ್ನು 20 ದಿನ ಬಿಡುವ ಮಾತಿಲ್ಲ. ನಡುವೆ ಒಂದು ರಾತ್ರಿ ಕೆ ಗೆರೆಗೂ ಹೋಗುತ್ತೇನೆ, ನೀಲಿ ಬೆಳಕು ಮೇಡಂ ಹೇಳಿದ ಹಾಗೆ. ಆದರೆ ನನ್ನ ನಿಯಾನ್ ದೀಪಕ್ಕೆ 3934ರ ಹತ್ತಿರ ಉಪಯೋಗಕ್ಕೆ ಬರುವ ಗೆರೆ ಇಲ್ಲ. ತರಂಗದ ಅಳತೆ ಹೇಗೆ ಹಿಡಿಯಲಿ?

ನೀಲಿ ಬೆಳಕು
ದೀಪ ಬೇಡ. ಸೂರ್ಯ ಮುಳುಗಿದ ಮೇಲೆ ಇನ್ನೂ ಬೆಳಕಿರುವಾಗ ದೂರದರ್ಶಕವನ್ನು ಖಾಲಿ ಆಕಾಶಕ್ಕೆ ತಿರುಗಿಸಿ ಒಂದು ರೋಹಿತ ತೆಗೆಯಿರಿ. ಅದು ಸೂರ್ಯನದ್ದೇ ಬೆಳಕು. ಎಚ್, ಕೆ ಎರಡೂ ಅಗಲವಾಗಿ ಕಾಣುತ್ತವೆ, ಸುತ್ತ ಕಬ್ಬಿಣದ ಗೆರೆಗಳು ಬೇಕಾದಷ್ಟು. ಫೋಕಸ್ಸನ್ನೂ ಅದರಲ್ಲೇ ಹಿಡಿಯಿರಿ. ಆಮೇಲೆ ಉಪಕರಣವನ್ನು ಮುಟ್ಟಬೇಡಿ.

ಮಲೆನಾಡ ಇರುಳು
ಸರಿ ಮೇಡಂ. ಇವತ್ತು ಸಂಜೆ ಆರೂವರೆಗೇ ಅಂಗಳಕ್ಕೆ ಇಳಿಯುತ್ತೇನೆ.